ಭಾರತದಲ್ಲಿ ಉದ್ಯೋಗ ಸಂಬಂಧಿ ಲಿಂಗ ತಾರತಮ್ಯದ ವಿರುದ್ಧ ಸಾಂವಿಧಾನಿಕ ರಕ್ಷಣೆ

ಭಾರತದಲ್ಲಿ ಉದ್ಯೋಗ ಸಂಬಂಧಿ ಲಿಂಗ ತಾರತಮ್ಯದ ವಿರುದ್ಧ ಸಾಂವಿಧಾನಿಕ ರಕ್ಷಣೆಯು ಮುಖ್ಯವಾಗಿ ಸಂವಿಧಾನದ 14, 15 ಮತ್ತು 16ನೇ ವಿಧಿಗಳಿಂದ ದೊರೆಯುತ್ತದೆ. ನೇಮಕಾತಿ, ಬಡ್ತಿ, ವೇತನ, ನಿವೃತ್ತಿ ಹಾಗೂ ಸೇವೆಯಿಂದ ಬಿಡುಗಡೆ, ಈ ಯಾವ ಹಂತದಲ್ಲಿಯೂ ವ್ಯಕ್ತಿಯ ಲಿಂಗವನ್ನು ಕಾರಣವಾಗಿಸಿ ಭೇದವೆಣಿಸಬಾರದು ಎಂಬುದು ಈ ವಿಧಿಗಳ ಸಾರ. ರಾಜ್ಯ ನಿರ್ದೇಶಕ ತತ್ವಗಳಲ್ಲಿನ 39 ಮತ್ತು 42ನೇ ವಿಧಿಗಳು ಇವಕ್ಕೆ ಪೂರಕವಾಗಿವೆ. ಈ ರಕ್ಷಣೆಗೆ ಆರಂಭದಿಂದಲೂ ಎರಡು ಮಿತಿಗಳಿವೆ. ಮೊದಲನೆಯದು, ಭೇದವು 'ಲಿಂಗದ ಕಾರಣದಿಂದ ಮಾತ್ರ' ಆಗಿರಬೇಕೆಂಬ ಪದಪ್ರಯೋಗ. ಎರಡನೆಯದು, 16ನೇ ವಿಧಿಯು ಸರ್ಕಾರಿ ಉದ್ಯೋಗಕ್ಕಷ್ಟೇ ಅನ್ವಯಿಸುತ್ತದೆ ಎಂಬುದು. ಮೊದಲನೆಯ ಮಿತಿಯನ್ನು ನ್ಯಾಯಾಲಯಗಳು ಹಲವು ದಶಕಗಳ ಅವಧಿಯಲ್ಲಿ ಬಹುಮಟ್ಟಿಗೆ ದಾಟಿವೆ. ಎರಡನೆಯದು ಇಂದಿಗೂ ಉಳಿದಿದೆ. ಖಾಸಗಿ ವಲಯದಲ್ಲಿ ಅದರ ಜಾಗವನ್ನು ಸಂಸತ್ತಿನ ಕಾಯಿದೆಗಳು ತುಂಬಿವೆ.

ಹಿನ್ನೆಲೆ

ಬ್ರಿಟಿಷ್ ಆಡಳಿತದಲ್ಲಿ ಅನೇಕ ವೃತ್ತಿಗಳ ಬಾಗಿಲು ಮಹಿಳೆಯರಿಗೆ ಮುಚ್ಚಿತ್ತು. ಮಹಿಳೆ ಎಂಬ ಕಾರಣಕ್ಕೆ ವಕೀಲಿ ವೃತ್ತಿಯನ್ನು ನಿರಾಕರಿಸಬಾರದೆಂಬ ಕಾಯಿದೆ 1923ರಲ್ಲಿ ಬಂದಿತು. 1935ರ ಭಾರತ ಸರ್ಕಾರ ಕಾಯಿದೆಯ 275ನೇ ಕಲಮು, ಲಿಂಗದ ಕಾರಣದಿಂದ ಯಾರನ್ನೂ ನಾಗರಿಕ ಸೇವೆಗೆ ಅನರ್ಹರೆಂದು ಪರಿಗಣಿಸಬಾರದೆಂದು ಹೇಳಿತಾದರೂ, ಆದೇಶದ ಮೂಲಕ ಬೇಕಾದ ಸೇವೆಗಳನ್ನು ಈ ನಿಯಮದಿಂದ ಹೊರಗಿಡುವ ಅಧಿಕಾರವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಿತ್ತು. ಸಂವಿಧಾನದಲ್ಲಿ ಇಂತಹ ವಿನಾಯಿತಿಯನ್ನು ಉಳಿಸಿಕೊಳ್ಳಲಿಲ್ಲ. ಇಂದಿನ 16ನೇ ವಿಧಿಯು ಕರಡಿನಲ್ಲಿ 10ನೇ ವಿಧಿಯಾಗಿದ್ದು, ಸಂವಿಧಾನ ರಚನಾ ಸಭೆಯು 1948ರ ನವೆಂಬರ್ 30ರಂದು ಅದನ್ನು ಚರ್ಚಿಸಿತು. ಆ ಚರ್ಚೆಯ ಹೆಚ್ಚಿನ ಭಾಗ ಹಿಂದುಳಿದ ವರ್ಗಗಳ ಮೀಸಲಾತಿಗೂ ವಾಸಸ್ಥಳದ ಅರ್ಹತೆಗೂ ಮೀಸಲಾಯಿತು. 'ಲಿಂಗ' ಎಂಬ ಪದ ಹೆಚ್ಚಿನ ವಾದವಿಲ್ಲದೆ ಉಳಿದುಕೊಂಡಿತು. ಬಹುಶಃ ಇದೇ ಕಾರಣದಿಂದ ಅದರ ಅರ್ಥವ್ಯಾಪ್ತಿಯನ್ನು ನಿರ್ಧರಿಸುವ ಹೊಣೆ ನ್ಯಾಯಾಲಯಗಳ ಪಾಲಿಗೆ ಬಂತು.

ಸಂಬಂಧಿತ ವಿಧಿಗಳು

14ನೇ ವಿಧಿಯು ಕಾನೂನಿನ ಮುಂದೆ ಸಮಾನತೆಯನ್ನು ಎಲ್ಲ ವ್ಯಕ್ತಿಗಳಿಗೂ ನೀಡುತ್ತದೆ. 15(1)ನೇ ವಿಧಿಯು ಧರ್ಮ, ಜನಾಂಗ, ಜಾತಿ, ಲಿಂಗ ಅಥವಾ ಜನ್ಮಸ್ಥಳದ ಕಾರಣದಿಂದ ಮಾತ್ರ ಪ್ರಭುತ್ವವು ನಾಗರಿಕರಲ್ಲಿ ಭೇದವೆಣಿಸುವುದನ್ನು ನಿಷೇಧಿಸುತ್ತದೆ. 16(1)ನೇ ವಿಧಿ ಸಾರ್ವಜನಿಕ ಉದ್ಯೋಗದಲ್ಲಿ ಸಮಾನ ಅವಕಾಶವನ್ನು ಕೊಡುತ್ತದೆ. 16(2)ನೇ ವಿಧಿ ಪ್ರಭುತ್ವದ ಅಧೀನದ ಯಾವುದೇ ಉದ್ಯೋಗ ಅಥವಾ ಹುದ್ದೆಗೆ ಸಂಬಂಧಿಸಿದಂತೆ ಲಿಂಗದ ಕಾರಣದಿಂದ ಅನರ್ಹಗೊಳಿಸುವುದನ್ನೂ ತಾರತಮ್ಯ ಮಾಡುವುದನ್ನೂ ತಡೆಯುತ್ತದೆ.

15(3)ನೇ ವಿಧಿಯ ಪ್ರಕಾರ ಪ್ರಭುತ್ವವು ಮಹಿಳೆಯರಿಗಾಗಿ ಮತ್ತು ಮಕ್ಕಳಿಗಾಗಿ ವಿಶೇಷ ಅವಕಾಶಗಳನ್ನು ಕಲ್ಪಿಸಬಹುದು. 16ನೇ ವಿಧಿಯಲ್ಲಿ ಇದಕ್ಕೆ ಸಮನಾದ ಉಪವಿಧಿ ಇಲ್ಲದಿರುವುದರಿಂದ, ಉದ್ಯೋಗದಲ್ಲಿ ಮಹಿಳಾ ಮೀಸಲಾತಿ ಸಾಧ್ಯವೇ ಎಂಬ ಪ್ರಶ್ನೆ ಬಹುಕಾಲ ಇತ್ತು. ಆಂಧ್ರಪ್ರದೇಶ ಸರ್ಕಾರ ವಿರುದ್ಧ ಪಿ.ಬಿ. ವಿಜಯಕುಮಾರ್ ಪ್ರಕರಣದಲ್ಲಿ (1995) ಸರ್ವೋಚ್ಚ ನ್ಯಾಯಾಲಯವು ರಾಜ್ಯ ಸೇವೆಗಳಲ್ಲಿ ಮಹಿಳೆಯರಿಗೆ ಶೇ. 30ರಷ್ಟು ಆದ್ಯತೆ ನೀಡುವ ನಿಯಮವನ್ನು ಎತ್ತಿಹಿಡಿದು, 15(3)ನೇ ವಿಧಿಯ ವ್ಯಾಪ್ತಿಯಲ್ಲಿ ಉದ್ಯೋಗವೂ ಸೇರಿದೆ ಎಂದು ತೀರ್ಮಾನಿಸಿತು. ಇದರ ಜೊತೆಗೆ 39(ಎ) ವಿಧಿ ಪುರುಷ ಮತ್ತು ಮಹಿಳೆಗೆ ಸಮಾನವಾಗಿ ಜೀವನೋಪಾಯದ ಹಕ್ಕನ್ನೂ, 39(ಡಿ) ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನವನ್ನೂ, 42ನೇ ವಿಧಿ ಮಾನವೀಯ ಕೆಲಸದ ಪರಿಸ್ಥಿತಿ ಹಾಗೂ ಹೆರಿಗೆ ಸೌಲಭ್ಯವನ್ನೂ ಪ್ರಭುತ್ವದ ಗುರಿಗಳಾಗಿ ನಿಗದಿಪಡಿಸುತ್ತವೆ.

ನಾಲ್ಸಾ ಪ್ರಕರಣದ ತೀರ್ಪು (2014) 15 ಮತ್ತು 16ನೇ ವಿಧಿಗಳಲ್ಲಿನ 'ಲಿಂಗ' ಪದವು ಲಿಂಗತ್ವದ ಗುರುತನ್ನೂ ಒಳಗೊಳ್ಳುತ್ತದೆ ಎಂದಿತು. ಆದ್ದರಿಂದ ಈ ವಿಧಿಗಳ ರಕ್ಷಣೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಲಭ್ಯವಿದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯಿದೆಯು ಉದ್ಯೋಗದಲ್ಲಿನ ತಾರತಮ್ಯವನ್ನು ಪ್ರತ್ಯೇಕವಾಗಿ ನಿಷೇಧಿಸಿದೆ.

'ಮಾತ್ರ' ಎಂಬ ಪದದ ತೊಡಕು

ವಿಧಿಗಳಲ್ಲಿ 'ಮಾತ್ರ' ಎಂಬ ಪದವಿರುವುದರಿಂದ, ಭೇದಕ್ಕೆ ಲಿಂಗದ ಜೊತೆಗೆ ಬೇರೊಂದು ಕಾರಣವನ್ನು ಸೇರಿಸಿದರೆ ಅದು ಸಂವಿಧಾನಬಾಹಿರವಲ್ಲ ಎಂಬ ವಾದ ಸರ್ಕಾರಗಳಿಗೆ ಸುಲಭವಾಗಿ ಒದಗಿತು. 'ಮಹಿಳೆ ಎಂದಲ್ಲ, ಮಹಿಳೆಯಾಗಿರುವುದರಿಂದ ಆಗುವ ಅನನುಕೂಲಕ್ಕಾಗಿ' ಎನ್ನುವುದು ಈ ವಾದದ ಧಾಟಿ. ಪುರುಷ ಕೈದಿಗಳ ಕಾರಾಗೃಹಗಳಲ್ಲಿ ಬಹುತೇಕ ಹುದ್ದೆಗಳಿಗೆ ಮಹಿಳೆಯರನ್ನು ಅನರ್ಹಗೊಳಿಸಿದ್ದ ಆದೇಶವನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 1970ರ ದಶಕದ ಆರಂಭದಲ್ಲಿ ಎತ್ತಿಹಿಡಿದದ್ದು ಇಂತಹ ತರ್ಕದಿಂದಲೇ.

ಈ ತರ್ಕಕ್ಕೆ ಸ್ಪಷ್ಟವಾದ ಉತ್ತರ ದೊರೆತದ್ದು ಪುರುಷರೊಬ್ಬರ ಅರ್ಜಿಯಿಂದ ಎಂಬುದು ಗಮನಾರ್ಹ. ನರ್ಸಿಂಗ್ ಬೋಧಕರ ಹಿರಿಯ ಹುದ್ದೆಗೆ ಪುರುಷರನ್ನು ಪರಿಗಣಿಸದ ನಿಯಮವನ್ನು ಪ್ರಶ್ನಿಸಿದ್ದ ವಾಲ್ಟರ್ ಆಲ್ಫ್ರೆಡ್ ಬೈದ್ ಪ್ರಕರಣದಲ್ಲಿ (1976) ದೆಹಲಿ ಹೈಕೋರ್ಟ್, ಲಿಂಗವನ್ನೂ ಲಿಂಗದಿಂದ ಹುಟ್ಟುವುದೆಂದು ಸಮಾಜ ಭಾವಿಸುವ ಗುಣಲಕ್ಷಣಗಳನ್ನೂ ಬೇರ್ಪಡಿಸಲಾಗದೆಂದು ಹೇಳಿತು. ಹಾಗೆ ಬೇರ್ಪಡಿಸಿದರೆ ನಿಷೇಧಕ್ಕೆ ಅರ್ಥವೇ ಉಳಿಯುವುದಿಲ್ಲ. ಆದರೂ ಸರ್ವೋಚ್ಚ ನ್ಯಾಯಾಲಯ ಈ ನಿಲುವಿಗೆ ಪೂರ್ಣವಾಗಿ ಬಂದು ತಲುಪಲು ಇನ್ನೂ ಮೂರು ದಶಕಗಳು ಬೇಕಾದವು.

ಮುತ್ತಮ್ಮ ಪ್ರಕರಣ

ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದ ಸಿ.ಬಿ. ಮುತ್ತಮ್ಮ (1924–2009) ಅವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ನೇಮಕಗೊಂಡು, ಸೇವೆಯೊಳಗಿನಿಂದಲೇ ಆ ಸ್ಥಾನಕ್ಕೇರಿದ ಮೊದಲ ಮಹಿಳೆಯೂ ಆದರು. ಸೇವೆಯ ಉನ್ನತ ದರ್ಜೆಗೆ ಬಡ್ತಿ ನಿರಾಕರಿಸಲ್ಪಟ್ಟಾಗ ಅವರು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು.

ಅರ್ಜಿಯಲ್ಲಿ ಪ್ರಶ್ನಿಸಲಾದ 1961ರ ನಿಯಮಗಳು ಎರಡು. ಒಂದರ ಪ್ರಕಾರ ಮಹಿಳಾ ಅಧಿಕಾರಿಯು ಮದುವೆಯಾಗುವ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯ ನಂತರ ಆಕೆಯ ಕೌಟುಂಬಿಕ ಹೊಣೆಗಳು ಕರ್ತವ್ಯಕ್ಕೆ ಅಡ್ಡಿಯಾಗುತ್ತವೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ನೀಡುವಂತೆ ಸೂಚಿಸಬಹುದಿತ್ತು. ಇನ್ನೊಂದು ನಿಯಮವು ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕೇ ಇಲ್ಲವೆಂದು ಹೇಳುತ್ತಿತ್ತು. ಪುರುಷ ಅಧಿಕಾರಿಗಳಿಗೆ ಇಂತಹ ಯಾವ ಷರತ್ತೂ ಇರಲಿಲ್ಲ. 16ನೇ ವಿಧಿ ಜಾರಿಗೆ ಬಂದು ಹನ್ನೊಂದು ವರ್ಷಗಳ ನಂತರ ರಚನೆಯಾದ ನಿಯಮಗಳಿವು ಎಂಬುದನ್ನು ಇಲ್ಲಿ ನೆನಪಿಡಬೇಕು.

1979ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ನೀಡಿದ ತೀರ್ಪು ಈ ನಿಯಮಗಳನ್ನು ಕಟುವಾಗಿ ಟೀಕಿಸಿತು. ಕುಟುಂಬದ ಹೊಣೆ ಮಹಿಳೆಯ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಪುರುಷನ ಕರ್ತವ್ಯಕ್ಕೂ ಅಡ್ಡಿಯಾಗಬಹುದಲ್ಲವೇ ಎಂಬುದು ಅದರ ಮೂಲ ಪ್ರಶ್ನೆ. ಆದರೆ ತಾಂತ್ರಿಕವಾಗಿ ಮುತ್ತಮ್ಮನವರು ಪ್ರಕರಣವನ್ನು ಗೆಲ್ಲಲಿಲ್ಲ. ವಿಚಾರಣೆ ಬಾಕಿಯಿದ್ದಾಗಲೇ ಸರ್ಕಾರ ಅವರಿಗೆ ಬಡ್ತಿ ನೀಡಿತು. ಒಂದು ನಿಯಮವನ್ನು ಕೈಬಿಟ್ಟಿರುವುದಾಗಿಯೂ ಇನ್ನೊಂದನ್ನು ಕೈಬಿಡುವುದಾಗಿಯೂ ತಿಳಿಸಿತು. ಹೀಗಾಗಿ ಅರ್ಜಿ ವಜಾ ಆಯಿತು. ಅವರ ಜ್ಯೇಷ್ಠತೆಯನ್ನು ಮರುಪರಿಶೀಲಿಸುವಂತೆ ಮತ್ತು ಸೇವಾ ನಿಯಮಗಳಲ್ಲಿನ ತಾರತಮ್ಯದ ಕಲೆಯನ್ನು ತೊಡೆದುಹಾಕುವಂತೆ ನ್ಯಾಯಾಲಯ ಸರ್ಕಾರಕ್ಕೆ ಸೂಚಿಸಿತು. ಕೆಲವು ಉದ್ಯೋಗಗಳ ಸ್ವರೂಪದಿಂದಾಗಿ ಸ್ತ್ರೀ-ಪುರುಷರ ನಡುವೆ ಆಯ್ಕೆ ಅನಿವಾರ್ಯವಾಗಬಹುದೆಂಬ ಮಾತನ್ನೂ ತೀರ್ಪು ಸೇರಿಸಿತು. ಆದರೆ ಹಾಗೆಂದು ತೋರಿಸಿಕೊಡಬೇಕಾದ ಹೊರೆ ಭೇದ ಮಾಡುವವರ ಮೇಲಿದೆ, ಸಮಾನತೆಯೇ ನಿಯಮವೆಂದು ಅದು ಭಾವಿಸಿತು.

ಗಗನಸಖಿಯರ ಪ್ರಕರಣ

ಎರಡೇ ವರ್ಷಗಳ ನಂತರ ಏರ್ ಇಂಡಿಯಾ ವಿರುದ್ಧ ನರ್ಗೀಶ್ ಮಿರ್ಜಾ ಪ್ರಕರಣದಲ್ಲಿ (1981) ಅದೇ ನ್ಯಾಯಾಲಯ ಭಿನ್ನವಾದ ಹಾದಿ ಹಿಡಿಯಿತು. ಸರ್ಕಾರಿ ಸ್ವಾಮ್ಯದಲ್ಲಿದ್ದ ಏರ್ ಇಂಡಿಯಾದ ನಿಯಮದಂತೆ ಗಗನಸಖಿಯು 35 ವರ್ಷ ತುಂಬಿದಾಗ, ಅಥವಾ ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದಾಗ, ಅಥವಾ ಮೊದಲ ಬಾರಿ ಗರ್ಭಿಣಿಯಾದಾಗ, ಇವುಗಳಲ್ಲಿ ಯಾವುದು ಮೊದಲೋ ಆಗ ನಿವೃತ್ತಳಾಗಬೇಕಿತ್ತು. 35ರ ನಂತರ ಸೇವೆಯನ್ನು ವಿಸ್ತರಿಸುವುದು ವ್ಯವಸ್ಥಾಪಕ ನಿರ್ದೇಶಕರ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ವಿಮಾನದೊಳಗೆ ಬಹುಮಟ್ಟಿಗೆ ಅದೇ ಬಗೆಯ ಕೆಲಸ ಮಾಡುತ್ತಿದ್ದ ಪುರುಷ ಸಿಬ್ಬಂದಿಗೆ ಈ ಷರತ್ತುಗಳು ಇರಲಿಲ್ಲ.

ಗರ್ಭಧಾರಣೆಯ ಕಾರಣದಿಂದ ಸೇವೆಯಿಂದ ತೆಗೆಯುವ ನಿಯಮವನ್ನು ನ್ಯಾಯಾಲಯ ನಿರಂಕುಶವೂ ಭಾರತೀಯ ಸ್ತ್ರೀತ್ವಕ್ಕೆ ಅವಮಾನಕರವೂ ಎಂದು ರದ್ದುಗೊಳಿಸಿತು. ವ್ಯವಸ್ಥಾಪಕ ನಿರ್ದೇಶಕರ ಅಂಕೆಯಿಲ್ಲದ ವಿವೇಚನಾಧಿಕಾರವೂ ಬಿದ್ದುಹೋಯಿತು. ಆದರೆ ನಾಲ್ಕು ವರ್ಷಗಳ ಮದುವೆ ನಿಷೇಧ ಉಳಿಯಿತು. ಅದು ಕುಟುಂಬ ಯೋಜನೆಗೂ ಪೂರಕವೆಂದು ತೀರ್ಪು ಸಮರ್ಥಿಸಿತು. ಗಗನಸಖಿಯರ ನೇಮಕಾತಿ ವಿಧಾನ, ವೇತನ ಶ್ರೇಣಿ ಮತ್ತು ಬಡ್ತಿಯ ಹಾದಿ ಬೇರೆಯಾಗಿರುವುದರಿಂದ ಅವರದೇ ಪ್ರತ್ಯೇಕ ವರ್ಗವಾಗುತ್ತದೆ, ಆದ್ದರಿಂದ ಪುರುಷರೊಂದಿಗೆ ಹೋಲಿಕೆ ಸಲ್ಲದು ಎಂಬುದು ತೀರ್ಪಿನ ಮುಖ್ಯ ಆಧಾರ. ಈ ತರ್ಕವೇ ತೀರ್ಪಿನ ದುರ್ಬಲ ಭಾಗವೆನ್ನಬೇಕು. ತಾರತಮ್ಯ ಮಾಡುವ ನಿಯಮಗಳೇ ಎರಡು ವರ್ಗಗಳನ್ನು ಸೃಷ್ಟಿಸಿದ್ದವು. ಹಾಗೆ ಸೃಷ್ಟಿಯಾದ ವರ್ಗಗಳನ್ನೇ ತಾರತಮ್ಯಕ್ಕೆ ಸಮರ್ಥನೆಯಾಗಿ ಬಳಸಲಾಯಿತು. 2003ರಲ್ಲಿ ಗಗನಸಖಿಯರ ಹಾರಾಟದ ವಯೋಮಿತಿಯ ಪ್ರಶ್ನೆ ಮತ್ತೆ ಬಂದಾಗಲೂ ಸರ್ವೋಚ್ಚ ನ್ಯಾಯಾಲಯ 1981ರ ತೀರ್ಪನ್ನೇ ಅನುಸರಿಸಿತು. ಮಹಿಳೆಯರೂ ವಿಮಾನದೊಳಗಿನ ಮೇಲ್ವಿಚಾರಕ ಹುದ್ದೆ ನಿರ್ವಹಿಸಬಹುದೆಂಬ ಏರ್ ಇಂಡಿಯಾದ ತೀರ್ಮಾನವನ್ನು ಪುರುಷ ಸಿಬ್ಬಂದಿ ಪ್ರಶ್ನಿಸಿದ್ದು, 2011ರಲ್ಲಿ ಅವರ ಮೇಲ್ಮನವಿ ವಜಾ ಆಯಿತು.

ರಕ್ಷಣೆಯ ಹೆಸರಿನ ನಿರ್ಬಂಧಗಳು

ಮಹಿಳೆಯರ ಸುರಕ್ಷತೆಯ ಕಾರಣವನ್ನು ಮುಂದಿಟ್ಟು ಅವರನ್ನು ಕೆಲಸದಿಂದ ದೂರವಿಡುವ ಕಾನೂನುಗಳು ಬೇರೆಯೇ ಬಗೆಯವು. 1914ರ ಪಂಜಾಬ್ ಅಬಕಾರಿ ಕಾಯಿದೆಯ 30ನೇ ಕಲಮು ಮದ್ಯ ಸೇವಿಸುವ ಸ್ಥಳಗಳಲ್ಲಿ ಯಾವುದೇ ವಯಸ್ಸಿನ ಮಹಿಳೆಯನ್ನೂ 25 ವರ್ಷದೊಳಗಿನ ಪುರುಷರನ್ನೂ ಕೆಲಸಕ್ಕಿಟ್ಟುಕೊಳ್ಳದಂತೆ ನಿಷೇಧಿಸಿತ್ತು. ಹೋಟೆಲ್ ನಿರ್ವಹಣೆಯ ಶಿಕ್ಷಣ ಪಡೆದ ಯುವತಿಯರಿಗೆ ಇದು ನೇರ ಅಡ್ಡಿಯಾಗಿತ್ತು. ಅನುಜ್ ಗರ್ಗ್ ವಿರುದ್ಧ ಹೋಟೆಲ್ ಅಸೋಸಿಯೇಷನ್ ಆಫ್ ಇಂಡಿಯಾ ಪ್ರಕರಣದ ತೀರ್ಪು (2007) ಈ ಕಲಮನ್ನು ಅಸಿಂಧುವೆಂದು ಸಾರಿತು. ಅಪಾಯವಿದೆಯೆಂದಾದರೆ ಸುರಕ್ಷತೆಯನ್ನು ಒದಗಿಸುವುದು ಪ್ರಭುತ್ವದ ಕೆಲಸ. ಅದರ ಬದಲು ಮಹಿಳೆಯ ಆಯ್ಕೆಯನ್ನೇ ಮೊಟಕುಗೊಳಿಸುವಂತಿಲ್ಲ. ಲಿಂಗಾಧಾರಿತ ವರ್ಗೀಕರಣವನ್ನು ಹೆಚ್ಚು ಕಟ್ಟುನಿಟ್ಟಾಗಿ ಪರಿಶೀಲಿಸಬೇಕು, ರೂಢಿಗತ ಲಿಂಗ ಕಲ್ಪನೆಗಳನ್ನು ಅದಕ್ಕೆ ಆಧಾರವಾಗಿ ಒಪ್ಪಲಾಗದು ಎಂದ ಈ ತೀರ್ಪನ್ನು ನಂತರದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಉಲ್ಲೇಖಿಸಲಾಗಿದೆ.

ಕಾರ್ಖಾನೆಗಳಲ್ಲಿ ರಾತ್ರಿ ಪಾಳಿಯ ಪ್ರಶ್ನೆಯೂ ಇದೇ ಬಗೆಯದು. 1948ರ ಕಾರ್ಖಾನೆಗಳ ಕಾಯಿದೆಯು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಮಹಿಳೆಯರಿಂದ ಕೆಲಸ ಮಾಡಿಸಲು ಅವಕಾಶ ನೀಡಿತ್ತು. 2000ದಲ್ಲಿ ಮದ್ರಾಸ್ ಹೈಕೋರ್ಟ್ ಈ ನಿರ್ಬಂಧವನ್ನು ರದ್ದುಪಡಿಸಿ, ಸಾರಿಗೆ ಮತ್ತು ಸುರಕ್ಷತೆಯಂತಹ ಷರತ್ತುಗಳನ್ನು ವಿಧಿಸಿತು. ಹೊಸ ಕಾರ್ಮಿಕ ಸಂಹಿತೆಯಲ್ಲಿ ಮಹಿಳೆಯ ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತಿನೊಂದಿಗೆ ರಾತ್ರಿ ಕೆಲಸಕ್ಕೆ ಅವಕಾಶವಿದೆ.

ಸಶಸ್ತ್ರ ಪಡೆಗಳು

33ನೇ ವಿಧಿಯ ಪ್ರಕಾರ ಸಶಸ್ತ್ರ ಪಡೆಗಳಿಗೆ ಮೂಲಭೂತ ಹಕ್ಕುಗಳು ಅನ್ವಯವಾಗುವ ಮಟ್ಟವನ್ನು ಸಂಸತ್ತು ಮಿತಗೊಳಿಸಬಹುದು. 1992ರಿಂದ ಮಹಿಳೆಯರನ್ನು ಸೇನೆಯ ಕೆಲವು ಶಾಖೆಗಳಿಗೆ ಅಲ್ಪಾವಧಿ ಸೇವೆಗೆ ಸೇರಿಸಿಕೊಳ್ಳಲಾಯಿತಾದರೂ ಕಾಯಂ ಕಮಿಷನ್ ಬಹುಪಾಲು ಪುರುಷರಿಗೇ ಮೀಸಲಾಗಿತ್ತು. ಬಬಿತಾ ಪುನಿಯಾ ಪ್ರಕರಣದಲ್ಲಿ (2020) ಕೇಂದ್ರ ಸರ್ಕಾರವು ದೈಹಿಕ ಮಿತಿ, ತಾಯ್ತನ ಹಾಗೂ ಗ್ರಾಮೀಣ ಹಿನ್ನೆಲೆಯ ಸೈನಿಕರು ಮಹಿಳೆಯ ಆಜ್ಞೆಯನ್ನು ಒಪ್ಪಲು ಸಿದ್ಧರಿಲ್ಲವೆಂಬ ಕಾರಣಗಳನ್ನು ಮಂಡಿಸಿತು. ಸರ್ವೋಚ್ಚ ನ್ಯಾಯಾಲಯ ಇವನ್ನು ಲಿಂಗ ಪೂರ್ವಗ್ರಹಗಳೆಂದು ತಳ್ಳಿಹಾಕಿ, ಅರ್ಹ ಮಹಿಳಾ ಅಧಿಕಾರಿಗಳನ್ನು ಕಾಯಂ ಕಮಿಷನ್‌ಗೆ ಪರಿಗಣಿಸಲು ಆದೇಶಿಸಿತು. ಯುದ್ಧ ಶಾಖೆಗಳು ಈ ಪ್ರಕರಣದ ವ್ಯಾಪ್ತಿಯಲ್ಲಿರಲಿಲ್ಲ.

ಆದೇಶವನ್ನು ಜಾರಿಗೊಳಿಸಿದ ರೀತಿ ಮತ್ತೊಂದು ವ್ಯಾಜ್ಯಕ್ಕೆ ದಾರಿ ಮಾಡಿತು. ಪುರುಷ ಅಧಿಕಾರಿಗಳನ್ನು 25–30ರ ವಯಸ್ಸಿನಲ್ಲಿ ಅಳೆಯುವ ವೈದ್ಯಕೀಯ ಮಾನದಂಡವನ್ನೇ 40 ದಾಟಿದ ಮಹಿಳೆಯರಿಗೆ ಅನ್ವಯಿಸಲಾಗಿತ್ತು. ಕಾಯಂ ಕಮಿಷನ್‌ನ ನಿರೀಕ್ಷೆಯೇ ಇಲ್ಲದಿದ್ದ ಕಾಲದಲ್ಲಿ ಬರೆದ ಗೋಪ್ಯ ವರದಿಗಳನ್ನು ಆಯ್ಕೆಗೆ ಬಳಸಲಾಗಿತ್ತು. ನೋಡಲು ಎಲ್ಲರಿಗೂ ಒಂದೇ ಆಗಿರುವ ನಿಯಮವೂ ಪರಿಣಾಮದಲ್ಲಿ ತಾರತಮ್ಯವಾಗಬಹುದೆಂಬ 'ಪರೋಕ್ಷ ತಾರತಮ್ಯ'ದ ತತ್ವವನ್ನು ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ (2021) ನ್ಯಾಯಾಲಯ ವಿಸ್ತಾರವಾಗಿ ನಿರೂಪಿಸಿತು. ಸೇನಾ ಶುಶ್ರೂಷಾ ಸೇವೆಯಲ್ಲಿದ್ದ ಅಧಿಕಾರಿಯೊಬ್ಬರನ್ನು ಮದುವೆಯ ಕಾರಣಕ್ಕೆ 1988ರಲ್ಲಿ ಸೇವೆಯಿಂದ ಬಿಡುಗಡೆ ಮಾಡಿದ್ದನ್ನು ತಪ್ಪೆಂದು ಹೇಳಿ, 60 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶವಾದದ್ದು 2024ರಲ್ಲಿ.

ವೇತನ ಮತ್ತು ಹೆರಿಗೆ ಸೌಲಭ್ಯ

39(ಡಿ) ವಿಧಿಯನ್ನು ನೇರವಾಗಿ ನ್ಯಾಯಾಲಯದಲ್ಲಿ ಜಾರಿ ಮಾಡಿಸಲಾಗದು. ಆದರೆ ಅದನ್ನು 14 ಮತ್ತು 16ನೇ ವಿಧಿಗಳೊಂದಿಗೆ ಸೇರಿಸಿ ಓದಿದಾಗ ಸಮಾನ ವೇತನವೂ ಹಕ್ಕಾಗುತ್ತದೆ ಎಂದು ರಣಧೀರ್ ಸಿಂಗ್ ಪ್ರಕರಣ (1982) ಹೇಳಿತು. 1976ರ ಸಮಾನ ಸಂಭಾವನೆ ಕಾಯಿದೆಯು ಈ ತತ್ವವನ್ನು ಖಾಸಗಿ ಮಾಲೀಕರಿಗೂ ವಿಸ್ತರಿಸಿತ್ತು. ಅದರ ಅಡಿಯ ಪ್ರಮುಖ ತೀರ್ಪು ಮೆಕಿನನ್ ಮೆಕೆಂಝಿ ಪ್ರಕರಣದ್ದು (1987). ಕಂಪನಿಯು ಮಹಿಳಾ ಸ್ಟೆನೋಗ್ರಾಫರ್‌ಗಳಿಗೆ ಪುರುಷರಿಗಿಂತ ಕಡಿಮೆ ಸಂಬಳ ಕೊಡುತ್ತಿತ್ತು. ಕಾರ್ಮಿಕ ಸಂಘದೊಡನೆ ಆದ ಒಪ್ಪಂದವಾಗಲಿ, ಹೆಚ್ಚು ಕೊಡಲು ಶಕ್ತಿಯಿಲ್ಲವೆಂಬ ನೆಪವಾಗಲಿ ಕಾಯಿದೆಯಿಂದ ತಪ್ಪಿಸಿಕೊಳ್ಳಲು ಆಧಾರವಾಗದೆಂದು ತೀರ್ಪು ಬರೆದವರು ಕನ್ನಡಿಗರೂ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳೂ ಆದ ಇ.ಎಸ್. ವೆಂಕಟರಾಮಯ್ಯನವರು. ಈ ಕಾಯಿದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ.

1961ರ ಹೆರಿಗೆ ಸೌಲಭ್ಯ ಕಾಯಿದೆಯ 12 ವಾರಗಳ ವೇತನಸಹಿತ ರಜೆಯನ್ನು 2017ರ ತಿದ್ದುಪಡಿ 26 ವಾರಗಳಿಗೆ ಏರಿಸಿತು. ಬದುಕಿರುವ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರಿಗೆ 12 ವಾರಗಳೇ ಉಳಿದವು. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಮಹಿಳೆಯರ ಪ್ರಕರಣದಲ್ಲಿ (2000) ಸರ್ವೋಚ್ಚ ನ್ಯಾಯಾಲಯವು ರಸ್ತೆ ಕೆಲಸದ ಹಾಜರಿ ಪಟ್ಟಿಯಲ್ಲಿರುವ ಮಹಿಳೆಗೂ ಕಾಯಂ ನೌಕರಳಿಗೂ ಹೆರಿಗೆಯ ವಿಷಯದಲ್ಲಿ ವ್ಯತ್ಯಾಸವಿಲ್ಲವೆಂದು 42ನೇ ವಿಧಿಯನ್ನು ಆಧರಿಸಿ ತೀರ್ಮಾನಿಸಿತು. ಇದಕ್ಕೂ ಮೊದಲು, 1991ರಲ್ಲಿ, ಜೀವ ವಿಮಾ ನಿಗಮದ ನೇಮಕಾತಿ ಘೋಷಣಾ ಪತ್ರದಲ್ಲಿ ಅಭ್ಯರ್ಥಿಯ ಮುಟ್ಟು ಹಾಗೂ ಗರ್ಭಧಾರಣೆಯ ವಿವರಗಳನ್ನು ಕೇಳುತ್ತಿದ್ದ ಕಲಂಗಳನ್ನು ಕೈಬಿಡುವಂತೆ ಅದು ಸೂಚಿಸಿತ್ತು.

ಲೈಂಗಿಕ ಕಿರುಕುಳ

ವಿಶಾಖಾ ವಿರುದ್ಧ ರಾಜಸ್ಥಾನ ಪ್ರಕರಣದ ತೀರ್ಪು 1997ರ ಆಗಸ್ಟ್ 13ರಂದು ಬಂತು. ಬಾಲ್ಯವಿವಾಹ ತಡೆಯಲು ಯತ್ನಿಸಿದ ಗ್ರಾಮೀಣ ಸರ್ಕಾರಿ ಕಾರ್ಯಕ್ರಮದ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ಘಟನೆ ಇದರ ಹಿನ್ನೆಲೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳವು 14, 15, 19(1)(ಜಿ) ಮತ್ತು 21ನೇ ವಿಧಿಗಳ ಉಲ್ಲಂಘನೆಯೆಂದು ಹೇಳಿದ ನ್ಯಾಯಾಲಯ, ಭಾರತವು 1993ರಲ್ಲಿ ಅನುಮೋದಿಸಿದ್ದ ಮಹಿಳಾ ತಾರತಮ್ಯ ನಿವಾರಣಾ ಒಡಂಬಡಿಕೆಯನ್ನು ಆಧರಿಸಿ ಮಾರ್ಗಸೂಚಿಗಳನ್ನು ರೂಪಿಸಿತು. ಇವು ಖಾಸಗಿ ಮಾಲೀಕರನ್ನೂ ಕಟ್ಟಿಹಾಕಿದ್ದು ಈ ತೀರ್ಪಿನ ಅಪೂರ್ವತೆ. ಹದಿನಾರು ವರ್ಷಗಳ ನಂತರ 2013ರ ಕಾಯಿದೆ ಬಂತು. ಅದರಂತೆ 10 ಅಥವಾ ಹೆಚ್ಚು ನೌಕರರಿರುವ ಪ್ರತಿ ಕೆಲಸದ ಸ್ಥಳದಲ್ಲಿ ಆಂತರಿಕ ಸಮಿತಿ ಕಡ್ಡಾಯ. ಸಣ್ಣ ಸಂಸ್ಥೆಗಳ ನೌಕರರೂ ಮನೆಕೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ನೀಡಬಹುದು.

ಕರ್ನಾಟಕದಲ್ಲಿ

ಸೇವೆಯಲ್ಲಿರುವಾಗಲೇ ಮೃತಪಟ್ಟ ನೌಕರರ ಕುಟುಂಬಕ್ಕೆ ಅನುಕಂಪದ ಆಧಾರದ ಮೇಲೆ ನೌಕರಿ ನೀಡುವ 1996ರ ಕರ್ನಾಟಕ ನಿಯಮಗಳಲ್ಲಿ ಮಗನಿಗೆ ವಿವಾಹದ ಷರತ್ತಿರಲಿಲ್ಲ. ಮಗಳು ಮಾತ್ರ ಅವಿವಾಹಿತಳಾಗಿರಬೇಕಿತ್ತು. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಇದನ್ನು 14 ಮತ್ತು 15ನೇ ವಿಧಿಗಳಿಗೆ ವಿರುದ್ಧವೆಂದು ಘೋಷಿಸಿ 'ಅವಿವಾಹಿತ' ಎಂಬ ಪದವನ್ನು ರದ್ದುಗೊಳಿಸಿದರು. 2021ರಲ್ಲಿ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದಿತು. ಅದೇ ವರ್ಷ ರಾಜ್ಯ ನಾಗರಿಕ ಸೇವೆಗಳ ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಸಮತಲ ಮೀಸಲಾತಿ ಜಾರಿಗೆ ಬಂತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸರ್ಕಾರಿ ಹಾಗೂ ಖಾಸಗಿ ವಲಯಗಳೆರಡಕ್ಕೂ ಅನ್ವಯಿಸುವಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ನೀಡಿತು.

ಅಂಗನವಾಡಿ ಕಾರ್ಯಕರ್ತೆಯರ ಸ್ಥಿತಿ ಇದಕ್ಕಿಂತ ಜಟಿಲ. ಈ ಕೆಲಸದಲ್ಲಿರುವವರು ಮಹಿಳೆಯರೇ ಆದ್ದರಿಂದ ಹೋಲಿಕೆಗೆ ಪುರುಷ ನೌಕರರು ಸಿಗುವುದಿಲ್ಲ. ಕರ್ನಾಟಕ ರಾಜ್ಯ ವಿರುದ್ಧ ಅಮೀರ್‌ಬಿ ಪ್ರಕರಣದಲ್ಲಿ (2006) ಸರ್ವೋಚ್ಚ ನ್ಯಾಯಾಲಯವು ಇವರದು ನಾಗರಿಕ ಹುದ್ದೆಯಲ್ಲವೆಂದು ತೀರ್ಮಾನಿಸಿದ್ದರಿಂದ ಆಡಳಿತ ನ್ಯಾಯಮಂಡಳಿಯ ಬಾಗಿಲು ಅವರಿಗೆ ಮುಚ್ಚಿತು. ಅವರಿಗೆ ಗ್ರಾಚ್ಯುಟಿ ಪಡೆಯುವ ಹಕ್ಕಿದೆಯೆಂದು ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದ್ದು 2022ರಲ್ಲಿ.

ಖಾಸಗಿ ವಲಯ ಮತ್ತು ಪರಿಹಾರ ಮಾರ್ಗಗಳು

16ನೇ ವಿಧಿಯನ್ನು ಖಾಸಗಿ ಕಂಪನಿಯ ವಿರುದ್ಧ ಬಳಸಲಾಗದು. ಚಲನಚಿತ್ರರಂಗದ ಸಂಘವೊಂದು ಮಹಿಳೆಯರಿಗೆ ಮೇಕಪ್ ಕಲಾವಿದರ ಸದಸ್ಯತ್ವ ನಿರಾಕರಿಸಿ ಕೇಶಾಲಂಕಾರಕ್ಕಷ್ಟೇ ಸೀಮಿತಗೊಳಿಸಿದ್ದನ್ನು ಚಾರು ಖುರಾನಾ ಪ್ರಕರಣ (2014) ರದ್ದುಪಡಿಸಿತು. ಅದು ಕಾನೂನಿನಡಿ ನೋಂದಾಯಿತ ಕಾರ್ಮಿಕ ಸಂಘವಾದ್ದರಿಂದ ಅದರ ಉಪನಿಯಮಗಳು ಸಂವಿಧಾನಕ್ಕೆ ವಿರುದ್ಧವಾಗಿರಬಾರದು ಎಂಬುದು ಅಲ್ಲಿನ ಆಧಾರ. 2023ರಲ್ಲಿ ಸಂವಿಧಾನ ಪೀಠದ ಬಹುಮತದ ತೀರ್ಪು 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಪ್ರಭುತ್ವವಲ್ಲದವರ ವಿರುದ್ಧವೂ ಜಾರಿಗೊಳಿಸಬಹುದೆಂದಿತು. 16ನೇ ವಿಧಿ ಆ ಪಟ್ಟಿಯಲ್ಲಿಲ್ಲ. ಈ ಗಡಿ ಎಷ್ಟು ಕಠಿಣವೆಂಬುದಕ್ಕೆ ಏರ್ ಇಂಡಿಯಾವೇ ಉದಾಹರಣೆ. ಸಂಸ್ಥೆಯು 2022ರ ಜನವರಿಯಲ್ಲಿ ಖಾಸಗಿಯವರಿಗೆ ಹಸ್ತಾಂತರವಾದ ಬಳಿಕ, ಅದು ಸರ್ಕಾರದ್ದಾಗಿದ್ದಾಗಲೇ ನೌಕರರು ವೇತನ ಮತ್ತು ಬಡ್ತಿಯ ಬಗ್ಗೆ ಸಲ್ಲಿಸಿದ್ದ ರಿಟ್ ಅರ್ಜಿಗಳೂ ಊರ್ಜಿತವಲ್ಲವೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಆದ್ದರಿಂದ ತಾರತಮ್ಯಕ್ಕೆ ಒಳಗಾದವರು ಮೊದಲು ಮಾಲೀಕರು ಯಾರೆಂಬುದನ್ನು ನೋಡಬೇಕಾಗುತ್ತದೆ. ರಾಜ್ಯ ಸರ್ಕಾರಿ ನೌಕರರು ಸೇವಾ ವಿಷಯಗಳಲ್ಲಿ ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು. ಅದರ ಆದೇಶವನ್ನು ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಪ್ರಶ್ನಿಸಬಹುದು. ನಿಗಮ-ಮಂಡಳಿಗಳಂತಹ ಸಂಸ್ಥೆಗಳ ನೌಕರರಿಗೆ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿಯ ದಾರಿಯಿದೆ. ಖಾಸಗಿ ನೌಕರರು ವೇತನ ಮತ್ತು ಹೆರಿಗೆ ಸೌಲಭ್ಯದ ದೂರುಗಳನ್ನು ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ ನೀಡಬೇಕು. ಲೈಂಗಿಕ ಕಿರುಕುಳದ ದೂರನ್ನು ಘಟನೆ ನಡೆದ ಮೂರು ತಿಂಗಳೊಳಗೆ ಸಮಿತಿಗೆ ಲಿಖಿತವಾಗಿ ಸಲ್ಲಿಸಬೇಕು; ವಿಳಂಬಕ್ಕೆ ಸಕಾರಣವಿದ್ದರೆ ಸಮಿತಿಯು ಇನ್ನೂ ಮೂರು ತಿಂಗಳವರೆಗೆ ಅವಧಿಯನ್ನು ವಿಸ್ತರಿಸಬಹುದು.